ಹಂಡೆಯ ಅಂಚು

ಕಾಕು ಫೋನ್ ಮಾಡಿದಾಗ ನಾನು ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ. ಬ್ರೂಮ್‌ಹಿಲ್‌ನ ತಮ್ಮ ಮನೆ ಮಾರಾಟವಾಯಿತಂತೆ. ಡಿಡ್ಸ್‌ಬರಿಯಲ್ಲಿ ಮಗಳ ಮನೆಯ ಹತ್ತಿರವೇ ಒಂದು ಫ್ಲ್ಯಾಟ್ ಸಿಕ್ಕಿದೆಯಂತೆ, ಕಿಟಕಿಯಿಂದ ದೊಡ್ಡ ಮರ ಕಾಣುತ್ತದಂತೆ. ಹೇಳುವುದನ್ನೆಲ್ಲ ಹೇಳಿ ಮುಗಿಸಿ, ದನಿ ತಗ್ಗಿಸಿ, "ಆ ಹಂಡೆ ಮಾತ್ರ ನೀ ಒಯ್ಯಬೇಕು ನೋಡ ತಂಗಿ. ಸ್ಕ್ರ್ಯಾಪಿನವಗ ಕೊಡಾಕ ನನಗ ಮನಸ್ಸಾಗವಲ್ದು," ಎಂದರು. ಕಾಕಾ ತೀರಿಕೊಂಡು ಆಗ ಒಂದು ಚಳಿಗಾಲ ಕಳೆದಿತ್ತು.

ಹಂಡೆ ಎಂದರೆ ಬಚ್ಚಲೊಲೆಯ ತಾಮ್ರದ ಹಂಡೆಯಲ್ಲ. ಬಿಯರ್ ತುಂಬಿ ಪಬ್ಬುಗಳಿಗೆ ಕಳಿಸುವ ಉಕ್ಕಿನ ಪೀಪಾಯಿ ಇರುತ್ತದಲ್ಲ, ಇಲ್ಲಿಯವರು ಕೆಗ್ ಅನ್ನುವುದು, ಅದರ ನೆತ್ತಿ ಕತ್ತರಿಸಿ ಬುಡದಲ್ಲೊಂದು ನಲ್ಲಿ ಕೂರಿಸಿ ಮಾಡಿದ ಪಾತ್ರೆ. ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸದವರು ಇಂಥದ್ದರಲ್ಲಿ ಬಾರ್ಲಿಯ ರಸ ಕುದಿಸುತ್ತಾರೆ. ಕಾಕಾ ಅದಕ್ಕೆ ಮೊದಲ ದಿನದಿಂದಲೂ ಹಂಡೆ ಎಂದೇ ಕರೆದರು. ಕಾಕಾನ ಹೆಸರು ಇಲ್ಲಿ ಬರೆಯುವುದಿಲ್ಲ. ಎಲ್ಲಾದರೂ ಅಚ್ಚಾದರೆ ಕಾಗುಣಿತ ತಿದ್ದುವುದಕ್ಕೆ ಎದ್ದು ಬರುವ ಸ್ವಭಾವ ಅವರದು.

ಅವರ ಪರಿಚಯವಾದದ್ದು ಫೋನ್ ಬೂತಿನ ಹೊರಗೆ. ನಾನು ಮೈಸೂರಿನಿಂದ ಬಂದು ಶೆಫೀಲ್ಡಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಸೇರಿಕೊಂಡ ಹೊಸತು. ಕಾಲಿಂಗ್ ಕಾರ್ಡಿನಲ್ಲಿ ಅಮ್ಮನ ಜೊತೆ ಜಗಳವಾಡುತ್ತಿದ್ದೆ, ಇಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ ಸಾಕಷ್ಟು ಜೋರಾಗಿಯೇ. ಹೊರಗೆ ಬಂದರೆ ಉಣ್ಣೆ ಟೋಪಿ ಹಾಕಿಕೊಂಡ ಹಿರಿಯರೊಬ್ಬರು ನಿಂತಿದ್ದರು. "ತಾಯೀಗ ಅಷ್ಟ ಜೋರ ಮಾಡಬಾರದವಾ. ಬೂತಿನ ಗಾಜ ಒಡದೀತು," ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ನೋಡಿದರೆ ಅವರ ಮನೆ ನಾನು ಬಾಡಿಗೆಗಿದ್ದ ಕೋಣೆಯಿಂದ ಎರಡು ಬಾಗಿಲು ಆಚೆ. ಅಂಕಲ್ ಎಂದೆ. "ಅಂಕಲ್ ಅಂದ್ರ ಯಾರ ಬೇಕಾದ್ರೂ ಆಗಬಹುದು. ಕಾಕಾ ಅನ್ನು. ಆಗ ನಿನಗ ಬೈಯಾಕ ನನಗ ಹಕ್ಕು ಬರತೈತಿ," ಎಂದರು. ಆ ಹಕ್ಕನ್ನು ಅವರು ಕೊನೆಯವರೆಗೂ ಧಾರಾಳವಾಗಿ ಚಲಾಯಿಸಿದರು.

ಹುಬ್ಬಳ್ಳಿ ಕಡೆಯವರು. ಇಲ್ಲಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಲೋಹ ಪರೀಕ್ಷೆಯ ಇಂಜಿನಿಯರ್ ಆಗಿದ್ದರು. ಅವರ ಕೋಟಿನ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ ಇರುತ್ತಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ತಟ್ಟೆಗೆ, ಲೋಟಕ್ಕೆ ಅದನ್ನು ತಾಗಿಸಿ ನೋಡುವವರು. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ ಎಂಬುದು ನನಗೆ ತಿಳಿದದ್ದು, ಅಮ್ಮ ಸೂಟ್‌ಕೇಸಿನಲ್ಲಿ ತುಂಬಿ ಕಳಿಸಿದ್ದ ನನ್ನ ತಟ್ಟೆಗಳಿಗೆಲ್ಲ ಅದು ಟಪ್ಪನೆ ಅಂಟಿಕೊಂಡ ದಿನ. "ಅಷ್ಟಕ್ಕಷ್ಟ ಅದಾವು. ಊಟಕ್ಕೇನ ತೊಂದರೆ ಇಲ್ಲ," ಎಂದು ತೀರ್ಪು ಕೊಟ್ಟರು. ಪಕ್ಕದಲ್ಲಿದ್ದ ಕಾಕು ಮುಖ ಮುಚ್ಚಿಕೊಂಡರು. "ಇವರನ್ನ ಕರಕೊಂಡ ಎಲ್ಲೂ ಹೋಗೂ ಹಂಗಿಲ್ಲವಾ. ನನ್ನ ನೋಡಾಕ ಬಂದಾಗೂ ಉಪ್ಪಿಟ್ಟಿನ ಪ್ಲೇಟ ಹೊಳ್ಳಿಸಿ ನೋಡಿದ್ರು."

ಬಿಯರ್ ಮಾಡುವುದನ್ನು ಅವರಿಗೆ ಕಲಿಸಿದವನು ಕಾರ್ಖಾನೆಯ ವೆಲ್ಡರ್ ಕೀತ್. ಮಾತಿಗೊಮ್ಮೆ ಎಲ್ಲರನ್ನೂ 'ಲವ್' ಎಂದು ಕರೆಯುವ ಅಪ್ಪಟ ಯಾರ್ಕ್‌ಶೈರಿನವ. "ನಮ್ಮ ಮನಿಯಾಕಿ ಸೈತ ಹಿಂಗ ಕರದಿಲ್ಲ," ಎಂದು ಕಾಕಾ ನಗುತ್ತಿದ್ದರು. ಕುಡಿಯುವುದು ವಾರಕ್ಕೆ ಒಂದು ಗ್ಲಾಸು, ಅದೂ ಪೂರ್ತಿಯಲ್ಲ. ಅವರಿಗೆ ಹುಚ್ಚು ಇದ್ದದ್ದು ಅಳೆಯುವುದು, ಕುದಿಸುವುದು, ಆರಿಸುವುದು, ಕಾಯುವುದು ಇವುಗಳಲ್ಲಿ. ಬಾರ್ಲಿಯ ರಸಕ್ಕೆ ಹಾಪ್ ಎಂಬ ಕಹಿ ಹೂವು ಹಾಕಿ ಕುದಿಸುವಾಗ ಎದ್ದ ವಾಸನೆಗೆ ಕಾಕು ಒಂದೇ ದಿನದಲ್ಲಿ ಅವರನ್ನು ಅಡುಗೆಮನೆಯಿಂದ ಹಿತ್ತಲಿನ ಶೆಡ್ಡಿಗೆ ಗಡಿಪಾರು ಮಾಡಿದರು. ಬಿಯರ್ ಎಂಬ ಮಾತು ಕಾಕುವಿನ ಬಾಯಲ್ಲಿ ಬರುತ್ತಿರಲಿಲ್ಲ. ಅವರಿಗೆ ಅದು 'ನಿಮ್ಮ ಕಷಾಯ'.

ಹೊಸ ಸಹಸ್ರಮಾನದ ಗದ್ದಲವೆಲ್ಲ ಅಡಗಿದ ಮೇಲೆ ಒಂದು ಶರತ್ಕಾಲದಲ್ಲಿ ಕಾಕಾನಿಗೆ ಸ್ಟ್ರೋಕ್ ಆಯಿತು. ಕಾಲು ಬೇಗ ಚೇತರಿಸಿಕೊಂಡಿತು. ಮಾತಿಗೆ ಏನೂ ಆಗಲಿಲ್ಲ. ಕಾಕು ಇದನ್ನು ಒಮ್ಮೆ ದೇವರ ದಯೆ ಎಂದೂ ಇನ್ನೊಮ್ಮೆ ದೇವರ ಪರೀಕ್ಷೆ ಎಂದೂ ಹೇಳುತ್ತಿದ್ದರು. ಆದರೆ ಬಲಗೈ ಹೋಯಿತು. ಬೆರಳುಗಳು ಒಳಕ್ಕೆ ಮಡಚಿ ಎದೆಯ ಹತ್ತಿರ ಕೂತುಬಿಟ್ಟವು.

ಅವರ ಚಿಕಿತ್ಸೆ ಬೇರೆ ಆಸ್ಪತ್ರೆಯಲ್ಲಿ ನಡೆದಿತ್ತು, ನಾನು ಬರೀ ನೆರೆಯವಳು. ಹಾಗಾಗಿ ದೀಪಾವಳಿಗೆ ನಮ್ಮ ಕಡೆಯವರೆಲ್ಲ ಸೇರಿದಾಗ ಕಾಕಾ ಬಾರದೆ ಇದ್ದದ್ದನ್ನು ಆಯಾಸ ಎಂದುಕೊಂಡಿದ್ದೆ. ಒಂದು ಭಾನುವಾರ ಹೇಳದೆ ಕೇಳದೆ ಒಳಗೆ ಹೋದರೆ, ಕಾಕಾ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನುತ್ತಿದ್ದರು. ನನ್ನನ್ನು ಕಂಡು ಚಮಚವನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ನಾನಿರುವಷ್ಟು ಹೊತ್ತೂ ತಟ್ಟೆ ಮುಟ್ಟಲಿಲ್ಲ.

ಕಾಕು ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು ಅಲ್ಲೇ ತಡೆದರು. "ನಾಕ ಮಂದಿ ಮುಂದ ಎಡಗೈಲೆ ಹೆಂಗ ಉಣ್ಣಲಿ ಅಂತಾರವಾ. ಯಾರ ಮನಿಗೂ ಬರವಲ್ರು. ಮಗಳು ಕರದ್ರೂ ಬ್ಯಾಡ ಅಂತಾರ. ಯುಗಾದಿಗಾದ್ರೂ ಎಲ್ಲಾರ ಜೋಡಿ ಕೂತ ಬಲಗೈಲೆ ಒಂದ ತುತ್ತು ಉಂಡರ ಸಾಕಾಗೈತಿ ನನಗ." ಚಮಚದಲ್ಲಿ ತಿಂದರೆ ಯಾರೇನು ಅನ್ನುತ್ತಾರೆ, ಇಂಗ್ಲೆಂಡಿನಲ್ಲಿ ಎಲ್ಲರೂ ಚಮಚದವರೇ ಅಲ್ಲವೇ ಎಂದು ಬಾಯಿಯ ತನಕ ಬಂತು. ನುಂಗಿಕೊಂಡೆ. ಅನ್ನ ಕಲಸುವ ಕೈ ಹೋದರೆ ಏನು ಹೋಗುತ್ತದೆ ಎಂಬುದು ನನಗೂ ಗೊತ್ತಿತ್ತು.

ಮರುದಿನದಿಂದ ಕೆಲಸ ಮುಗಿಸಿ ಬಂದು ಅವರ ಕೈ ಹಿಡಿದು ಕೂರತೊಡಗಿದೆ. ಇಂಥ ಕೈಗೆ ಮುಚ್ಚುವುದು ಬೇಗ ಬರುತ್ತದೆ, ತೆರೆಯುವುದು ತಡ. ಅನ್ನ ಉಣ್ಣಲು ಎರಡೂ ಬೇಕು. ತುತ್ತು ಕಟ್ಟಬೇಕು, ಬಾಯಿಯ ಹತ್ತಿರ ಬಿಡಲೂ ಬೇಕು. ಹಿಸುಕುವುದಕ್ಕೆಂದು ಆಸ್ಪತ್ರೆಯವರು ಕೊಟ್ಟಿದ್ದ ಮೆತ್ತನೆಯ ಚೆಂಡು ಎಲ್ಲಿ ಎಂದು ಕೇಳಿದೆ. "ಕೀತ್‌ನ ನಾಯಿಗೆ ಕೊಟ್ಟೆ. ಅದು ಬಾಳ ಚಲೋ ವ್ಯಾಯಾಮ ಮಾಡಾಕತ್ತೈತಿ," ಎಂದರು. ನನಗೆ ಸಿಟ್ಟು ಬಂತು. "ಕಾಕಾ, ಇದು ತಮಾಷೆ ಅಲ್ಲ. ಈಗ ಬಿಟ್ಟರೆ ಆಮೇಲೆ ಕಷ್ಟ." ಅವರಿಗೂ ಸಿಟ್ಟು ಬಂತು. "ಚೆಂಡ ಹಿಸಕಿದ್ರ ಏನ ಬರತೈತಿ? ಏನೂ ಇಲ್ಲ. ಕೈಗೂ ಅದು ಗೊತ್ತೈತಿ. ಕೆಲಸ ಇದ್ರ ಕೊಡು, ಇಲ್ಲಂದ್ರ ಹೋಗು." ನಾನು ನಿಜವಾಗಿಯೂ ಎದ್ದು ಹೋದೆ.

ಕೆಲಸ ತಂದವನು ಕೀತ್. ಕುದಿಸುವ ಪಾತ್ರೆ ಚಿಕ್ಕದಾಯಿತೆಂದು ಕಾಕಾ ಸ್ಟ್ರೋಕಿಗೆ ಮುಂಚೆ ಗೊಣಗಿದ್ದು ಅವನಿಗೆ ನೆನಪಿತ್ತು. ಪಬ್ಬೊಂದರ ಹಿಂದೆ ಕೆಗ್‌ಗಳು ಸುಮ್ಮನೆ ಬಿದ್ದಿರುತ್ತವೆ, ಒಂದನ್ನು ಎತ್ತಿಕೊಂಡು ಬರಲೇ ಎಂದ. ಕಾಕಾ ಹೌಹಾರಿದರು. ಅವು ಬಿಯರ್ ತಯಾರಿಸುವ ಬ್ರೂವರಿಯವರ ಸೊತ್ತು, ಕದ್ದ ಪಾತ್ರೆಯಲ್ಲಿ ಕುದಿಸಿದ್ದನ್ನು ನಾನು ಮೂಸಿಯೂ ನೋಡುವುದಿಲ್ಲ ಎಂದರು. ಕೊನೆಗೆ ಒಂದು ಶನಿವಾರ ನಾನೇ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಕಣಿವೆಯ ಕೆಳಗಿನ ಒಂದು ಸಣ್ಣ ಬ್ರೂವರಿಗೆ ಹೋಗಬೇಕಾಯಿತು. ಅಲ್ಲಿಯ ಯಜಮಾನನ ಜೊತೆ ಕಾಕಾ ಉಕ್ಕಿನ ಬಗ್ಗೆ ಎಷ್ಟು ಹೊತ್ತು ಮಾತಾಡಿದರೆಂದರೆ ನಾನು ಬಾರ್ಲಿ ಮೂಟೆಯ ಮೇಲೆ ತೂಕಡಿಸಿದೆ. ಎದ್ದು ನೋಡಿದರೆ ಮೈ ನೆಗ್ಗಿದೆಯೆಂದು ಮೂಲೆಗಿಟ್ಟಿದ್ದ ಒಂದು ಕೆಗ್ಗನ್ನು ಆ ಪುಣ್ಯಾತ್ಮ ಸಂತೋಷದಿಂದ ದಾನ ಕೊಟ್ಟಿದ್ದ. ಕಾಕಾ ಎಡಗೈಯಲ್ಲಿ ಅಯಸ್ಕಾಂತ ಹಿಡಿದು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಅಯಸ್ಕಾಂತ ಎಲ್ಲೂ ಅಂಟಲಿಲ್ಲ. ಸ್ಟ್ರೋಕ್ ಆದಮೇಲೆ ಅವರ ಮುಖದಲ್ಲಿ ಆ ನಗುವನ್ನು ನಾನು ನೋಡಿದ್ದು ಅದೇ ಮೊದಲು. ಹಿಂದಿನ ಸೀಟಿನಲ್ಲಿ ಕೆಗ್ಗಿಗೆ ಸೀಟ್ ಬೆಲ್ಟ್ ಕಟ್ಟಿ ಮನೆಗೆ ತಂದೆವು.

ಕತ್ತರಿಸಲು ಕೀತ್ ಆತುರಪಡುತ್ತಿದ್ದ. ಕಾಕಾ ತಡೆದರು. ಕೆಗ್ಗಿನ ನೆತ್ತಿಯ ಮೇಲೆ ಹಳೆಯ ಟವೆಲ್ ಹಾಕಿಸಿ, ಮುಖ ಆಚೆ ತಿರುಗಿಸಿಕೊಳ್ಳಲು ಹೇಳಿ, ಅದರ ಬಾಯಿಯ ಗುಂಡಿಯನ್ನು ಒಂದು ಮರದ ತುಂಡಿನಿಂದ ಒತ್ತಿಸಿದರು. ಬುಸ್ಸೆಂದು ಗಾಳಿ ನುಗ್ಗಿ ಶೆಡ್ಡೆಲ್ಲ ಹುಳಿ ವಾಸನೆ ತುಂಬಿತು. ಹಾಗೇ ಬಿಚ್ಚಿದ್ದರೆ ಒಳಗಿನ ಉದ್ದ ಕೊಳವೆ ಬಾಣದಂತೆ ಚಿಮ್ಮಿ ಯಾರದಾದರೂ ತಲೆ ಒಡೆಯುತ್ತಿತ್ತಂತೆ. "ಖಾಲಿ ಕಂಡದ್ದೆಲ್ಲಾ ಖಾಲಿ ಇರಂಗಿಲ್ಲ ತಂಗಿ," ಎಂದು ತಮ್ಮ ಬಲಗೈಯನ್ನು ನೋಡಿಕೊಂಡರು.

ನೆತ್ತಿಯ ಮೇಲೆ ವೃತ್ತ ಎಳೆದದ್ದು ಅವರು. ಉಕ್ಕು ಕೊಯ್ಯುವ ಗ್ರೈಂಡರ್ ಹಿಡಿದು ಕತ್ತರಿಸಿದ್ದು ಕೀತ್, ಏಕೆಂದರೆ "ನೀವು ಅದನ್ನ ಮುಟ್ಟಿದ್ರೆ ನಾನು ಈ ಮನೆಗೆ ಕಾಲಿಡಲ್ಲ" ಎಂದು ನಾನು ಮೊದಲೇ ಹೆದರಿಸಿದ್ದೆ. ಕಿಡಿ ಹಾರಿತು, ನೆತ್ತಿಯ ತಟ್ಟೆ ಢಣ್ಣೆಂದು ಒಳಕ್ಕೆ ಬಿತ್ತು. ಉಳಿದ ಅಂಚು ಗರಗಸದ ಹಲ್ಲಿನ ಹಾಗೆ ಚೂಪಾಗಿತ್ತು. ಇನ್ನೊಂದು ಡಿಸ್ಕ್ ಹಾಕಿದರೆ ಚಹಾ ಆರುವುದರೊಳಗೆ ನುಣ್ಣಗೆ ಮಾಡಿಕೊಡುತ್ತೇನೆ ಎಂದ ಕೀತ್. ಕಾಕಾ ಬೇಡವೆಂದು ತಲೆಯಾಡಿಸಿದರು.

"ಅಂಚು ನಂದು," ಎಂದರು. ಮೊದಲು ಕನ್ನಡದಲ್ಲಿ, ಆಮೇಲೆ ಅವನಿಗೆ ಅರ್ಥವಾಗುವಂತೆ.

ಕೀತ್ ಒಂದು ಕ್ಷಣ ಅವರ ಕೈಯನ್ನೂ ಕೆಗ್ಗನ್ನೂ ನೋಡಿದ. ಹೋಗಿ ತನ್ನ ಪೆಟ್ಟಿಗೆಯಿಂದ ಒಂದು ಅರ ತಂದುಕೊಟ್ಟ. ಅರ ಎಂದರೆ ಕಬ್ಬಿಣ ಉಜ್ಜುವ, ಮೈಯೆಲ್ಲ ಸಣ್ಣ ಹಲ್ಲಿರುವ ಉಕ್ಕಿನ ಪಟ್ಟಿ. ಅದರ ಹಿಡಿ ತೆಳುವಾಗಿತ್ತು, ಕಾಕಾನ ಬೆರಳು ಅದರ ಮೇಲೆ ನಿಲ್ಲುತ್ತಿರಲಿಲ್ಲ. ಹಿಡಿ ದಪ್ಪವಾದರೆ ಇಂಥ ಕೈಗೆ ಅನುಕೂಲ ಎಂದೆ. ಕಾಕು ಒಳಗೆ ಹೋಗಿ ತಮ್ಮ ಹಳೆಯ ಇಳಕಲ್ ಸೀರೆಯೊಂದನ್ನು ತಂದು ಉದ್ದಕ್ಕೆ ಹರಿದರು. ಸೀರೆ ಹರಿಯುವ ಸದ್ದಿಗೆ ಕಾಕಾ, "ಅಯ್ಯ, ಅದು ಚಲೋ ಸೀರಿ ಅಲ್ಲೇನ?" ಎಂದರು. "ಕೈಗಿಂತ ಚಲೋ ಏನಲ್ಲ ಬಿಡ್ರಿ," ಎಂದು ಕಾಕು ಹಿಡಿಗೆ ಅದನ್ನು ಬಿಗಿಯಾಗಿ ಸುತ್ತಿದರು.

ಆ ಚಳಿಗಾಲವೆಲ್ಲ ಶೆಡ್ಡಿನಿಂದ ಕರಕರ ಸದ್ದು. ಸೀಮೆಎಣ್ಣೆಯ ಹೀಟರ್ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಕೆಗ್ಗನ್ನು ಮರದ ತುಂಡುಗಳ ನಡುವೆ ಮಲಗಿಸಿ ಕಾಕಾ ಉಜ್ಜುತ್ತಿದ್ದರು. ಬಲಗೈ ಹಿಡಿಯ ಮೇಲೆ, ಎಡಗೈ ಅರದ ತುದಿಯ ಮೇಲೆ. ಮೊದಮೊದಲು ಎಡಗೈಯೇ ಎಳೆಯುತ್ತಿತ್ತು, ಬಲಗೈ ಮದುವೆಗೆ ಬಂದ ದೂರದ ನೆಂಟನ ಹಾಗೆ ಸುಮ್ಮನೆ ಜೊತೆಗಿರುತ್ತಿತ್ತು. ಎಷ್ಟೋ ಸಲ ಅರ ಜಾರಿ ಉಕ್ಕಿನ ಮೇಲೆ ಗೀರು ಎಳೆದುಬಿಡುತ್ತಿತ್ತು. ದಿನಕ್ಕೆ ಎರಡು ಬೆರಳಗಲ ಸಾಗಿದರೆ ಹೆಚ್ಚು. "ಮುಂದ ಒತ್ತು, ಹಿಂದ ಎತ್ತು. ಹಿಂದ ಬರೂಮುಂದ ಒತ್ತಿದ್ರ ಅರಾನೂ ಹಾಳು, ಕೆಲಸಾನೂ ಹಾಳು," ಎಂದು ಕೈಗೆ ಗಟ್ಟಿಯಾಗಿ ಪಾಠ ಹೇಳುತ್ತಿದ್ದರು. ನಾನು ಆಸ್ಪತ್ರೆಯಲ್ಲಿ ಹೇಳಿಕೊಡುವುದೂ ಅದೇ, ಒತ್ತುವುದು ಮತ್ತು ಬಿಡುವುದು. ನನ್ನ ಮಾತು ಕೇಳದ ಕೈ ಅವರ ಮಾತು ಕೇಳತೊಡಗಿತು.

ಯಾವ ದಿನ ಬಲಗೈ ತಾನೇ ತಳ್ಳತೊಡಗಿತೋ ಗೊತ್ತಿಲ್ಲ. ಒಂದು ಸಂಜೆ ಹೋದಾಗ ಸದ್ದು ಬೇರೆಯಾಗಿತ್ತು, ಒಂದೇ ಸಮ ಕೇಳುತ್ತಿತ್ತು. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ಒಳಗೆ ಹೋದರೆ ನಿಂತುಬಿಡುತ್ತದೇನೋ ಎಂದು ಭಯವಾಯಿತು.

ಅಂಚು ಒಂದು ಸುತ್ತು ಬಂದದ್ದು ಯುಗಾದಿಗೆ ಸ್ವಲ್ಪ ಮುಂಚೆ. ಮುಟ್ಟಿ ನೋಡಿದೆ. ಶುರುಮಾಡಿದ ಕಡೆ ತಗ್ಗು ದಿನ್ನೆ, ಗೀರು. ಬೆರಳು ಮುಂದೆ ಸರಿದಂತೆ ಏರಿಳಿತ ಕಡಿಮೆಯಾಗುತ್ತದೆ, ಅರ್ಧ ದಾಟಿದ ಮೇಲೆ ಬಹುಪಾಲು ಸಮ, ಕೊನೆಯಲ್ಲಿ ಗಾಜಿನ ಲೋಟದ ಹಾಗೆ ನುಣುಪು. ವೃತ್ತವಾದ್ದರಿಂದ ಕೊನೆ ಹೋಗಿ ಸೇರಿದ್ದು ಮೊದಲಿಗೇ. ಹಾಗಾಗಿ ಒಂದು ಜಾಗದಲ್ಲಿ ಅವರ ಅತ್ಯಂತ ಕೆಟ್ಟ ಕೆಲಸ ಮತ್ತು ಅತ್ಯಂತ ಒಳ್ಳೆಯ ಕೆಲಸ ಒಂದಕ್ಕೊಂದು ತಾಗಿಕೊಂಡು ಕೂತಿದ್ದವು. ಈಗ ಕೈ ಬಂತಲ್ಲ, ಆ ಒರಟು ಭಾಗವನ್ನೂ ಇನ್ನೊಮ್ಮೆ ಉಜ್ಜಿಬಿಡು ಎಂದ ಕೀತ್. ಕೈ ಕೊಯ್ಯದಷ್ಟು ಮಾತ್ರ ಕಾಕಾ ಅಲ್ಲಿ ಎಮರಿ ಪೇಪರ್ ಆಡಿಸಿದರು, ಅದೂ ಅಂಗೈ ಅಗಲಿಸಿ ಒರೆಸಬೇಕೆಂದು ನಾನು ಹಟ ಹಿಡಿದದ್ದಕ್ಕೆ. ತಗ್ಗು ದಿನ್ನೆಯನ್ನು ಹಾಗೇ ಬಿಟ್ಟರು. "ಅಳಿಸಿಬಿಟ್ರ ಎಲ್ಲಿಂದ ಬಂದೆ ಅಂತ ನನಗ ಹೆಂಗ ಗೊತ್ತಾಗಬೇಕು?" ಎಂದರು.

ಬುಡಕ್ಕೆ ತೂತು ಕೊರೆದು ಕೂರಿಸುವ ನಲ್ಲಿ ಹಿತ್ತಾಳೆಯದು. ಅದನ್ನು ಯಾವುದೋ ಆಸಿಡ್ಡಿನಲ್ಲಿ ತೊಳೆಯಬೇಕೆಂದು ಕೀತ್ ಬಾಟಲಿ ತಂದಿದ್ದ. ಕಾಕು ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟು, ದೇವರ ಸಾಮಾನು ತೊಳೆಯುವ ಹಾಗೆ ಹುಣಸೆಹಣ್ಣು ನೆನೆಹಾಕಿದರು. ಬಟ್ಟಲನ್ನು ಕಾಕಾನ ಬಲಗೈಯ ಕಡೆ ಸರಿಸಿದರು. ಕಾಕಾ ಹುಣಸೆ ಹಿಸುಕಿ, ಕಿವುಚಿ, ಹಿತ್ತಾಳೆಗೆ ಹಚ್ಚಿ ತಿಕ್ಕಿದರು. ನಲ್ಲಿ ಬಂಗಾರದ ಹಾಗೆ ಬೆಳಗಿತು. ನಾನು ನೋಡಿದ್ದು ನಲ್ಲಿಯನ್ನಲ್ಲ. ಹುಣಸೆ ಕಿವುಚುವ ಕೈಗೂ ಅನ್ನ ಕಲಸುವ ಕೈಗೂ ಏನು ವ್ಯತ್ಯಾಸ? ಕಾಕುವಿನ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. "ಯುಗಾದಿ ಸಾರಿನ ಹುಣಸಿನೂ ನೀವ ಹಿಸುಕ್ರಿ," ಎಂದರು ಅಷ್ಟೆ. ಆಮೇಲೆ, ತೀರಾ ಸಹಜವಾಗಿ, "ಸಾರೂ ಇದರಾಗ ಆಗಲಿ. ಅಷ್ಟ ಮಂದಿಗೆ ನನ್ನ ಹತ್ರ ಬ್ಯಾರೆ ಪಾತ್ರಿ ಎಲ್ಲೈತಿ?"

ಬಿಯರಿಗೆಂದು ಹುಟ್ಟಿದ ಹಂಡೆಯಲ್ಲಿ ಮೊದಲು ಬೆಂದದ್ದು ಹೀಗೆ ಬೇಳೆ ಸಾರು. ಹಬ್ಬಕ್ಕೆಂದು ಬಾಡಿಗೆಗೆ ಹಿಡಿದಿದ್ದ ಚರ್ಚ್ ಹಾಲಿನ ಹಿಂಬಾಗಿಲಲ್ಲಿ ಗ್ಯಾಸ್ ಒಲೆಯ ಮೇಲೆ ಅದು ಕುದಿಯುತ್ತಿತ್ತು. ಹಡರ್ಸ್‌ಫೀಲ್ಡಿನಿಂದ, ಲೀಡ್ಸಿನಿಂದ ಜನ ಬಂದಿದ್ದರು. ವಿದ್ಯಾರ್ಥಿಗಳಂತೂ ವಾರದಿಂದ ಉಪವಾಸವಿದ್ದವರ ಹಾಗೆ ತಟ್ಟೆ ಹಿಡಿದು ಸಾಲು ನಿಂತಿದ್ದರು. ಕಾಕಾ ಬರಲು ಒಪ್ಪಿದ್ದು ಹಂಡೆಯ ಮೇಲ್ವಿಚಾರಕನಾಗಿ ಮಾತ್ರ. "ನಾ ಮನಿಯೊಳಗ ಉಣ್ಣತೀನಿ. ನನಗ ಹೋಳಿಗಿ ಕಟಗೊಂಡ ಬಾ," ಎಂದು ಮೊದಲೇ ಕರಾರು ಮಾಡಿಕೊಂಡಿದ್ದರು. ನನ್ನ ಕೈಗೆ ಜಗ್ ಕೊಟ್ಟು ನಲ್ಲಿ ತಿರುಗಿಸಿದರು. ಸೌಟು ಬೇಡ, ಎತ್ತುವುದು ಬೇಡ, ತಿರುಗಿಸಿದರೆ ಸಾರು. ಹೆಮ್ಮೆಯಿಂದ ಮೀಸೆ ಕುಣಿಯುತ್ತಿತ್ತು.

ಮೊದಲ ಜಗ್ಗಿನಲ್ಲಿ ಬಂದದ್ದು ಬರೀ ಬೇಳೆಯ ಗಸಿ. ತಳದಲ್ಲಿರುವುದೇ ತಾನೇ ಮೊದಲು ಬರುವುದು! ಎರಡನೆಯ ಜಗ್ ಅರ್ಧವಾಗುವಷ್ಟರಲ್ಲಿ ನಲ್ಲಿ ತೊಟ್ಟಿಕ್ಕಿ ನಿಂತೇ ಹೋಯಿತು. ಹಾಪ್ ಹೂವು ಸಿಕ್ಕಿಕೊಳ್ಳದಿರಲೆಂದು ನಲ್ಲಿಯ ಒಳಬಾಯಿಗೆ ಹಾಕುವ ಜಾಲರಿಯೊಂದಿತ್ತು. ಸಾರಿಗೆ ಯಾಕೆ ಜಾಲರಿ ಎಂದು ಕಾಕಾ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಕಾಕುವಿನ ಸಾರಿಗೆ ಬೀಳುವ ಕರಿಬೇವಿನ ಲೆಕ್ಕ ಅವರಿಗೆ ಮರೆತೇ ಹೋಗಿತ್ತು. ಒಳಗಿನಿಂದ ಸಾರು, ಸಾರು ಎಂದು ಕೂಗು ಬರುತ್ತಿತ್ತು. ಕಾಕಾ ಸುತ್ತ ನೋಡಿ, ಗೂಟದಲ್ಲಿದ್ದ ಕೋಟು ನೇತುಹಾಕುವ ತಂತಿಯೊಂದನ್ನು ಕಿತ್ತು, ಎರಡೂ ಕೈಯಲ್ಲಿ ಹಿಡಿದು ನೇರ ಮಾಡಿದರು. ಎಡಗೈಯಲ್ಲಿ ಪಾತ್ರೆಯೊಂದನ್ನು ನಲ್ಲಿಯ ಕೆಳಗೆ ಹಿಡಿದು ಬಲಗೈಯಲ್ಲಿ ತಂತಿಯನ್ನು ಮೇಲಕ್ಕೆ ತೂರಿಸಿದರು. ತಿರುಗಿಸಿದರು, ಎಳೆದರು, ಮತ್ತೆ ತೂರಿಸಿದರು. ಕರಿಬೇವಿನ ಗೊಂಚಲೊಂದು ಪುಳಕ್ಕನೆ ಹೊರಬಂದು ಅದರ ಹಿಂದೆಯೇ ಸಾರು ನುಗ್ಗಿ ಅವರ ಮುಂಗೈ ಮೇಲೆಲ್ಲ ಹರಿಯಿತು.

"ನಿಮ್ಮ ಕೈ ನೋಡ್ರಿ," ಎಂದು ಬಾಗಿಲಿನಿಂದ ಕಾಕುವಿನ ದನಿ ಬಂತು.

"ಏನೂ ಸುಟ್ಟಿಲ್ಲ ಬಿಡ."

"ಸುಟ್ಟದ್ದಲ್ಲ ನಾ ಅನ್ನಾಕತ್ತಿದ್ದು. ಯಾವ ಕೈ ನೋಡ್ರಿ."

ಕಾಕಾ ನೋಡಿದರು. ತಂತಿ ಇನ್ನೂ ಬಲಗೈಯಲ್ಲೇ ಇತ್ತು, ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ, ಪೆನ್ನು ಹಿಡಿದ ಹಾಗೆ. ಅದನ್ನು ಕೆಳಗಿಡಲು ಬೆರಳು ಬಿಡಿಸಬೇಕಿತ್ತು. ಬಿಡಿಸಿದರು. ತಂತಿ ಕಲ್ಲಿನ ಮೇಲೆ ಟಣ್ಣೆಂದು ಬಿತ್ತು. ನನಗೆ ಅಳು ಬಂತು. ಜಗ್ ಹಿಡಿದು ಒಳಗೆ ಓಡಿದೆ, ಜನ ಸಾರಿಗೆ ಕಾಯುತ್ತಿದ್ದದ್ದು ಒಳ್ಳೆಯದೇ ಆಯಿತು.

ಬಡಿಸಿ ತಿರುಗುವಷ್ಟರಲ್ಲಿ ಕಾಕು ಅವರನ್ನು ಹಾಲಿನ ಒಳಗೆ ಎಲ್ಲರ ನಡುವೆ ಕುರ್ಚಿಯಲ್ಲಿ ಕೂರಿಸಿ ಮುಂದೆ ತಟ್ಟೆ ಇಟ್ಟಿದ್ದರು. ಅನ್ನ, ಸಾರು, ಮೇಲೊಂದು ಚೂರು ತುಪ್ಪ. ಕಾಕಾ ಚಮಚ ಎಲ್ಲಿ ಎಂದು ಕೇಳಿದರು. "ಮರತ ಬಂದೀನಿ," ಎಂದರು ಕಾಕು. ಅವರ ಸೊಂಟಕ್ಕೆ ಸಿಕ್ಕಿಸಿದ ಸೆರಗಿನಲ್ಲಿ ಚಮಚದ ಹಿಡಿ ಕಾಣುತ್ತಿತ್ತು. ಕಾಕಾ ಸ್ವಲ್ಪ ಹೊತ್ತು ತಟ್ಟೆ ನೋಡಿದರು. ಆಮೇಲೆ ಬಲಗೈ ಇಟ್ಟರು. ಕಲಸುವುದು ಬಂತು. ಮೊದಲ ತುತ್ತು ಬಾಯಿಯವರೆಗೆ ಹೋಗಿ ಮಡಿಲಿಗೆ ಬಿತ್ತು. ಎರಡನೆಯದರಲ್ಲಿ ಅರ್ಧ ಮೀಸೆಗೆ, ಅರ್ಧ ಬಾಯಿಗೆ. ಪಕ್ಕದಲ್ಲಿ ಕೂತವರು ಕ್ರಿಕೆಟ್ ಮಾತು ನಿಲ್ಲಿಸಲಿಲ್ಲ, ಯಾರೂ ತಿರುಗಿ ನೋಡಲೂ ಇಲ್ಲ. ನಮ್ಮ ಜನರಿಗೆ ಅಷ್ಟು ಸೂಕ್ಷ್ಮ ಇದೆಯೆಂದು ನಾನು ಅಲ್ಲಿಯವರೆಗೆ ಅಂದುಕೊಂಡಿರಲಿಲ್ಲ. ತಟ್ಟೆ ಖಾಲಿಯಾಗಲು ಬಹಳ ಹೊತ್ತು ಹಿಡಿಯಿತು. ಕಾಕಾ ತಲೆಯೆತ್ತಿ, ಹಾಲಿಗೆಲ್ಲ ಕೇಳುವ ಹಾಗೆ, "ತಂಗೀ, ಇನ್ನೊಂದಿಷ್ಟ ಸಾರು ತಾರವಾ," ಎಂದು ಕರೆದರು.

ಹಂಡೆಯಲ್ಲಿ ಬಿಯರ್ ಕುದಿದದ್ದು ಆಮೇಲೆ. ನಲ್ಲಿಯ ರಬ್ಬರಿನಲ್ಲಿ ಸಾರಿನ ಇಂಗು ಅವಿತು ಕೂತಿತ್ತು ಅಂತ ಕಾಣುತ್ತದೆ. ಮೊದಲ ಗ್ಲಾಸು ಕುಡಿದ ಕೀತ್ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, ಇದು ಯಾವ ಹಾಪ್ ಎಂದು ಗಂಭೀರವಾಗಿ ಕೇಳಿದ. "ನಮ್ಮ ಕಡೆಯದು, ಇಲ್ಲಿ ಸಿಗುವುದಿಲ್ಲ," ಎಂದರು ಕಾಕಾ. ಕಾಕು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮುಂದಿನ ವರ್ಷಗಳಲ್ಲಿ ಆ ಹಂಡೆ ಎರಡೂ ಸಂಸಾರ ನಡೆಸಿತು, ಹಬ್ಬಕ್ಕೆ ಸಾರು, ಉಳಿದಂತೆ ಕಷಾಯ. ಜಾಲರಿಯನ್ನು ಮಾತ್ರ ಕಾಕಾ ಮತ್ತೆಂದೂ ಮರೆಯಲಿಲ್ಲ. ಅಕ್ಷರ ಮೊದಲಿನ ಹಾಗೆ ದುಂಡಗಾಗಲಿಲ್ಲ, ಅಂಗಿಯ ಗುಂಡಿ ಕೊನೆಯವರೆಗೂ ಕಾಕುವೇ ಹಾಕಿದರು. ಆದರೆ ಯಾರು ಊಟಕ್ಕೆ ಕರೆದರೂ ಹೋದರು, ಅಯಸ್ಕಾಂತದ ಸಮೇತ.

ಹಂಡೆ ಈಗ ನನ್ನ ಬಳಿ ಇದೆ. ಆಸ್ಪತ್ರೆಯೊಳಗೆ ಇಟ್ಟುಕೊಳ್ಳೋಣವೆಂದರೆ ಅದಕ್ಕೊಂದು ಸುರಕ್ಷತಾ ಪರಿಶೀಲನೆ, ಅದಕ್ಕೊಂದು ಸಮಿತಿ. ಹಾಗಾಗಿ ಸ್ಟ್ರೋಕ್ ಆದವರಿಗಾಗಿ ವಾರಕ್ಕೊಮ್ಮೆ ನಾನು ನಡೆಸುವ ಕ್ಲಬ್ಬಿನಲ್ಲಿಟ್ಟಿದ್ದೇನೆ. ಅದೇ ಚರ್ಚ್ ಹಾಲು, ಕಿಟಕಿಯ ಪಕ್ಕದ ಮೇಜು.

ಕಳೆದ ವಾರ ಹೊಸಬನೊಬ್ಬ ಬಂದಿದ್ದ, ಬಸ್ ಡ್ರೈವರ್ ಆಗಿದ್ದವನು. ಬಲಗೈಯನ್ನು ಜಾಕೆಟಿನೊಳಗೆ ತೂರಿಸಿ ಕತ್ತಿನವರೆಗೆ ಜಿಪ್ ಎಳೆದುಕೊಂಡು, ಹೆಂಡತಿ ಬಲವಂತ ಮಾಡಿದ್ದಕ್ಕೆ ಬಂದೆ ಎಂದು ಕೂತಿದ್ದ. ಚೆಂಡು ಕೊಡಲಿಲ್ಲ. ಹಂಡೆಯ ಹತ್ತಿರ ಕರೆದು, ಅವನ ಎಡಗೈಯ ತೋರುಬೆರಳನ್ನು ಆ ಒರಟು ಜಾಗದಲ್ಲಿಟ್ಟು, ಒಂದು ಸುತ್ತು ಬನ್ನಿ ಎಂದೆ. ಮನಸ್ಸಿಲ್ಲದ ಮನಸ್ಸಿನಿಂದ ಹೊರಟ. ಅರ್ಧದಲ್ಲಿ ನಿಧಾನವಾದ. ಕೊನೆಗೆ ನುಣುಪು ಒರಟನ್ನು ತಾಗುವ ಜಾಗಕ್ಕೆ ಬಂದು, ಹಿಂದೆ ಮುಂದೆ ಬೆರಳಾಡಿಸಿ ನೋಡಿದ.

"ಇದನ್ನು ಇಬ್ಬರು ಮಾಡಿದ್ದಾರೆ," ಎಂದ.

"ಒಬ್ಬರೇ," ಎಂದೆ. "ಒಂದೇ ಚಳಿಗಾಲದಲ್ಲಿ, ಬಲಗೈಯಲ್ಲಿ."

ಅವನು ಬೆರಳನ್ನು ಅಂಚಿನಿಂದ ತೆಗೆದ. ಅದೇ ಎಡಗೈಯಿಂದ ಜಾಕೆಟಿನ ಜಿಪ್ ಕೆಳಗೆ ಎಳೆದ.